ಸೋಮವಾರದ ಬಾಡು

“ನೀನು ಸುಮ್ಕೆ ಕುಂತ್ಕಳಪ್ಪ.” ಚಪ್ಪಲಿ ಬಿಡುವ ಮೊದಲೇ ಗೆಳೆಯನ ಅವ್ವ ಹೇಳಿಬಿಟ್ಟರು.

2025ರ ಯುಗಾದಿ ಭಾನುವಾರ ಬಂದಿತ್ತು, ಮಾರ್ಚ್ 30ಕ್ಕೆ. ಮಾರನೇ ದಿನ ರಂಜಾನ್ ರಜೆ. ಶನಿವಾರ ಸೇರಿಸಿದರೆ ಮೂರು ದಿನ. ಮೈಸೂರಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಕೂತು ಅಂಗಡಿ ಒಬ್ಬಟ್ಟು ತಿನ್ನೋದಕ್ಕಿಂತ ವಾಸಿ ಅಂತ ಗೆಳೆಯನ ಊರಿಗೆ ಹೋಗಿದ್ದೆ. ಪಾಂಡವಪುರದ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಮಗ್ಗುಲಲ್ಲೇ ಮನೆ.

ಸುಮ್ನೆ ಕೂರೋದು ಅರ್ಧ ಗಂಟೆ ಸುಖ. ಆಮೇಲೆ ಒಳಗೆ ಬೇಳೆ ಬೇಯುವ ವಾಸನೆ, ಬಳೆ ಸದ್ದು, ನಗು. ನಾನು ಮಾತ್ರ ಪಡಸಾಲೆಯಲ್ಲಿ ಕ್ಯಾಲೆಂಡರ್ ನೋಡುತ್ತಾ ಕೂತಿದ್ದೇನೆ. ಏನಾದರೂ ಕೆಲಸ ಕೊಡಿ ಅಂತ ನಾಲ್ಕು ಸಲ ಕೇಳಿದ ಮೇಲೆ ಒಂದು ಮೊರದ ತುಂಬಾ ಬೆಳ್ಳುಳ್ಳಿ ಬಂತು. ಸಿಪ್ಪೆ ಗಾಳಿಗೆ ಹಾರಿ ಪಡಸಾಲೆಯೆಲ್ಲ ಹರಡಿತು. ಗುಡಿಸಿದ್ದು ಅವ್ವನೇ. ಅಲ್ಲಿಗೆ ನನ್ನಿಂದ ಉಳಿದ ಶ್ರಮ ಎಷ್ಟೋ, ಆದ ಶ್ರಮ ಎಷ್ಟೋ.

ಕೈ ಬೀಸಿಕೊಂಡು ಹೋಗಬಾರದು ಅಂತ ಮೈಸೂರಿಂದ ಎರಡು ಕೆಜಿ ಬೆಲ್ಲ ತಗೊಂಡು ಹೋಗಿದ್ದೆ. 1933ರಲ್ಲೇ ಸಕ್ಕರೆ ಕಾರ್ಖಾನೆ ಕಂಡ ಮಂಡ್ಯ ಸೀಮೆಗೆ, ಸುತ್ತ ಆಲೆಮನೆ ಹೊಗೆಯಾಡುವ ಊರಿಗೆ, ಬೆಲ್ಲ ಹೊತ್ತುಕೊಂಡು ಹೋದವನು ನಾನೊಬ್ಬನೇ ಇರಬೇಕು. ಗೆಳೆಯನ ಅಜ್ಜಿ ಆ ಹಳದಿ ಬೆಲ್ಲವನ್ನು ಬೆಳಕಿಗೆ ಹಿಡಿದು ನೋಡಿದರು. “ಇದೇನಪ್ಪಾ, ಅರಿಸಿನ ಬಳ್ಕಂಡದೆ?” ಬಣ್ಣ ತಿಳಿಯಾಗಲಿ ಅಂತ ಪಾಕಕ್ಕೆ ಹೈಡ್ರೋಸ್ ಅನ್ನೋ ಪುಡಿ ಹಾಕುತ್ತಾರೆ, ಒಳ್ಳೆ ಬೆಲ್ಲ ಕಪ್ಪಗೇ ಇರಬೇಕು ಅನ್ನೋದು ಅವರ ವಾದ. ಒಬ್ಬಟ್ಟಿಗೆ ಬಿದ್ದದ್ದು ಆ ಮನೆಯ ಕಪ್ಪು ಬೆಲ್ಲವೇ. ನನ್ನದು ಅಟ್ಟ ಸೇರಿತು.

ಒಬ್ಬಟ್ಟಿನ ಬಗ್ಗೆ ಏನು ಹೇಳೋದು, ತಿಂದೆ. ಎಷ್ಟು ಅಂತ ಲೆಕ್ಕ ಇಡಲಿಲ್ಲ. ಆದರೆ ಒಬ್ಬಟ್ಟಿನ ಸಾರಿನ ಬಗ್ಗೆ ಹೇಳಲೇಬೇಕು. ಬೇಳೆ ಬಸಿದ ಕಟ್ಟಿನ ನೀರಿಗೆ ಒಂದು ಹಿಡಿ ಹೂರಣ, ಹುಣಸೆಹುಳಿ, ಖಾರ. ಅವತ್ತು ಅದು ಬರೀ ಸಾರು. ಮಾರನೇ ದಿನ ಕುದಿಸಿದಾಗ ಗಟ್ಟಿಯಾಗಿ, ಸಿಹಿ ಹುಳಿ ಖಾರ ಮೂರೂ ಜಗಳ ಬಿಟ್ಟು ಒಂದಾಗಿರುತ್ತವೆ. ನನ್ನ ಕೇಳಿದರೆ ಒಬ್ಬಟ್ಟು ಮಾಡೋದೇ ಈ ಸಾರಿಗೋಸ್ಕರ.

ಸಂಜೆ ಎಲ್ಲರೂ ಮಹಡಿ ಹತ್ತಿ ಚಂದ್ರನನ್ನು ಹುಡುಕಿದೆವು. ಅಷ್ಟರಲ್ಲಿ ಟೀವಿಯಲ್ಲಿ ಚಂದ್ರ ಕಾಣಿಸಿದ್ದಾನೆ, ನಾಳೆ ರಂಜಾನ್ ಅಂತ ಬಂತು. ನಮ್ಮ ಯುಗಾದಿಗೂ ಅವರ ಹಬ್ಬಕ್ಕೂ ಒಬ್ಬನೇ ಚಂದ್ರ.

ತಕರಾರು ಶುರುವಾಗಿದ್ದು ಆಮೇಲೆ. ಯುಗಾದಿ ಮಾರನೇ ದಿನ ಹೊಸತೊಡಕು, ಬಾಡೂಟ. ಆದರೆ ಅದು ಸೋಮವಾರ. “ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡಲ್ಲ, ಬಾಡು ತಿಂತೀರಾ?” ಅಂದರು ಅಜ್ಜಿ. ಮಂಗಳವಾರ ಇಟ್ಟುಕೊಳ್ಳೋಣ ಅಂತ ಅವ್ವ. ರಜೆ ಇಲ್ಲ ಅಂತ ಗೆಳೆಯ. ಕೊನೆಗೆ ಅಜ್ಜಿಯ ಷರತ್ತಿನ ಮೇಲೆ ಒಪ್ಪಂದವಾಯ್ತು: ಒಳಗಿನ ಒಲೆ ಮುಟ್ಟಬಾರದು, ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಮಾಡಿಕೊಳ್ಳಿ, ನನ್ನ ಪಾಲು ಮಂಗಳವಾರಕ್ಕೆ ಎತ್ತಿಡಿ.

ಬೆಳಿಗ್ಗೆ ಐದಕ್ಕೇ ಗುಡ್ಡೆ ಬಾಡಿಗೆ ಹೋದೆವು. ಬೀದಿಯವರು ವರ್ಷವಿಡೀ ಚೀಟಿ ಕಟ್ಟಿ ಕುರಿ ತಂದಿದ್ದರು. ಹಾಸಿದ ಬಾಳೆಲೆ ಮೇಲೆ ಸಾಲಾಗಿ ಗುಡ್ಡೆಗಳು. ಒಂದೊಂದಕ್ಕೂ ಇಷ್ಟು ಮೂಳೆ, ಇಷ್ಟು ಈಲಿ (ಲಿವರ್), ಇಷ್ಟು ಕೊಬ್ಬು. ಪಾಲು ಹಾಕುವವರು ಈ ಗುಡ್ಡೆಯಿಂದ ಚೂರು ತೆಗೆದು ಆ ಗುಡ್ಡೆಗೆ ಹಾಕಿ, ದೂರ ನಿಂತು ನೋಡಿ, ಮತ್ತೆ ವಾಪಸ್ ಹಾಕುತ್ತಿದ್ದರು. ತಕ್ಕಡಿಯೇ ಇರಲಿಲ್ಲ. “ಬನ್ನೂರು ಕುರಿನಾ?” ಅಂತ ಕೇಳಿದೆ. “ಬಂಡೂರು ಕುರಿ. ಬಂಡೂರು ಮಳವಳ್ಳಿ ತಾಲ್ಲೂಕು. ನಿಮ್ಮ ಮೈಸೂರಿಂದಲ್ಲ,” ಅಂತ ಮೂರು ಜನ ಒಟ್ಟಿಗೆ ತಿದ್ದಿದರು.

ಅವತ್ತು ನನಗೆ ಬಡ್ತಿ ಸಿಕ್ಕಿತು. ಹಿಟ್ಟು ತೊಳಸೋ ಕೆಲಸ. ಆ ಕಡೆ ಮುದ್ದೆಗೆ ಹಿಟ್ಟು ಅಂತಲೇ ಅನ್ನೋದು. ಗೆಳೆಯ ಕವೆಗೋಲಿನಿಂದ ಪಾತ್ರೆ ಅದುಮಿ ಹಿಡಿದ. ನಾನು ಕೋಲು ಹಿಡಿದು ತಿರುವಿದೆ. ಎಸರಲ್ಲಿ ಬೆಂದ ರಾಗಿ ಹಿಟ್ಟು ಕೋಲನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಅಂದರೆ, ತಿರುಗುತ್ತಿರೋದು ಹಿಟ್ಟೋ ನಾನೋ ಗೊತ್ತಾಗಲ್ಲ. ಎರಡು ನಿಮಿಷಕ್ಕೆ ರಟ್ಟೆ ಬಿತ್ತು. ಮುದ್ದೆ ಕಟ್ಟಿದಾಗ ಒಳಗೆ ಬಿಳಿ ಬಿಳಿ ಗಂಟು. ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಅಂತ ನಂಬಿಕೆ. “ಹಂಗಾರೆ ಇವನಿಗೆ ವರ್ಷವೆಲ್ಲ ಗಂಟೇ,” ಅಂದ ಗೆಳೆಯ. ಹಣದ ಗಂಟು ಅಂದುಕೊಂಡು ಸುಮ್ಮನಾದೆ.

ಅಷ್ಟು ಹೊತ್ತೂ ಅಜ್ಜಿ ಹಿತ್ತಲ ಕಟ್ಟೆ ಮೇಲೆ ಕೂತೇ ಇದ್ದರು. ತಿನ್ನೋ ಹಾಗಿಲ್ಲ, ಬಿಡೋ ಮನಸ್ಸಿಲ್ಲ. ಗಸಗಸೆ, ಕಾಯಿ ರುಬ್ಬಿ ಹಾಕಿ ಸಾರು ಕುದಿ ಬಂದಾಗ ಮೂಗರಳಿಸಿ ಅಂದರು, “ಉಪ್ಪು ಕಮ್ಮಿ. ಇನ್ನೊಂದು ಹಿಡಿ ಕಲ್ಲುಪ್ಪು ಹಾಕು.” ವಾಸನೆಯಲ್ಲಿ ಉಪ್ಪು ಗೊತ್ತಾಗುತ್ತಾ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಾಕಿದೆ. ನಾವು ಬಾಡೂಟಕ್ಕೆ ಕೂತಾಗ ಅವರು ಒಳಗೆ ಒಬ್ಬಟ್ಟಿನ ಸಾರು, ಅನ್ನ ಉಂಡರು.

ಮಂಗಳವಾರ ಬೆಳಿಗ್ಗೆ ಬಸ್ಸಿಗೆ ಹೊರಟು ಹೇಳಿ ಹೋಗೋಣ ಅಂತ ಒಳಗೆ ಹೋದೆ. ಅಜ್ಜಿ ಆಗಲೇ ತಟ್ಟೆ ಮುಂದೆ ಕೂತಿದ್ದರು. ತಂಗಳು ಹಿಟ್ಟು, ಬಿಸಿ ಮಾಡಿದ ಬಾಡಿನ ಸಾರು. ಒಂದು ತುತ್ತು ನುಂಗಿದರು.

“ಉಪ್ಪು ಮುಂದಾಗದೆ ಕಣಪ್ಪ.”

“ನೀವೇ ಹಾಕಿಸಿದ್ದಲ್ವಾ ಅಜ್ಜಿ?”

“ನಾನೇನು ತಿಂದು ಹೇಳಿದ್ನಾ?” ಅಂತ ಇನ್ನೊಂದು ಸೌಟು ಹಾಕಿಸಿಕೊಂಡರು.