ಶಾಹನಾಮಾದ ಬಿಡಿಹಾಳೆ ಗೋಡೆಗೇರಬೇಕೆ?

ಪರ: ಒಂದು ಹಾಳೆಯಾದರೂ ಜನ ನೋಡಲಿ

ಶಾಹನಾಮಾ ಎಂದರೆ ಇರಾನಿನ ರಾಜರ ಕಥೆ ಹೇಳುವ ಪರ್ಷಿಯನ್ ಮಹಾಕಾವ್ಯ. ಹದಿನಾರನೆಯ ಶತಮಾನದ ಇರಾನಿನ ದೊರೆ ಷಾ ತಹ್ಮಾಸ್ಪನ ಸಚಿತ್ರ ಕೈಬರಹದ ಶಾಹನಾಮಾವನ್ನು ಹಾಳೆಹಾಳೆಯಾಗಿ ಬಿಚ್ಚಿದ್ದು ಸರಿ ಎಂಬುದು ನನ್ನ ವಾದವಲ್ಲ. ಬಿಚ್ಚಿ ಆಗಿದೆ. ಕೈಯಲ್ಲಿರುವ ಹಾಳೆಯನ್ನು ಏನು ಮಾಡಬೇಕು ಎಂಬುದಷ್ಟೇ ಪ್ರಶ್ನೆ.

ಹೊಲಿದ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಒಮ್ಮೆಗೆ ಎದುರುಬದುರಿನ ಎರಡೇ ಪುಟ ಕಾಣುತ್ತವೆ. ತಿರುವಿದಾಗಲೆಲ್ಲ ಕಾಗದ ಬಾಗಿ, ದಪ್ಪಗೆ ಹಚ್ಚಿದ ಬಣ್ಣ ಬಿರಿದು ಉದುರುತ್ತದೆ. ಬಿಡಿಹಾಳೆಗೆ ಆ ಕಷ್ಟವಿಲ್ಲ. ಮೇಲಂಚಿನ ಹಿಂಬದಿಗೆ ಜಪಾನಿ ಕಾಗದದ ಎರಡು ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚುತ್ತಾರೆ. ಬೇಡವಾದಾಗ ತುಸು ತೇವ ಕೊಟ್ಟರೆ ಬಿಟ್ಟುಕೊಳ್ಳುತ್ತದೆ. ಕಿಟಕಿ ಕೊರೆದ ಆಮ್ಲರಹಿತ ರಟ್ಟು ಬಣ್ಣವನ್ನು ಗಾಜಿಗೆ ತಾಗದಂತೆ ತಡೆಯುತ್ತದೆ. ಬೆಳಕು 50 ಲಕ್ಸ್ (ಬೆಳಕಿನ ಅಳತೆ), ಅಂದರೆ ಮಂದ, ತೇವಾಂಶ ಶೇ. 50ರ ಆಸುಪಾಸು, ಮೂರು ತಿಂಗಳ ಪ್ರದರ್ಶನ, ಆಮೇಲೆ ಕತ್ತಲಲ್ಲಿ ದೀರ್ಘ ವಿಶ್ರಾಂತಿ. ಇಷ್ಟು ಪಾಲಿಸಿದರೆ ಸಾಕು. ಹಿಂಬದಿಯ ಪದ್ಯ ಬೇಕಾದವರು ಛಾಯಾಚಿತ್ರದಲ್ಲಿ ಓದಿಕೊಳ್ಳಬಹುದು.

ವಿರೋಧ: ಅದು ಪುಸ್ತಕದ ಪುಟ

ಬಾಗಿದರೆ ಬಣ್ಣ ಉದುರುತ್ತದೆ ಎಂಬ ಹೆದರಿಕೆಗೆ ಈ ಪುಸ್ತಕವೇ ಉತ್ತರ. ಇರಾನಿನ ತಬ್ರೀಜ್ ನಗರದಲ್ಲಿ ಸಿದ್ಧವಾಗಿ, 1568ರಲ್ಲಿ ಆಟೊಮನ್ ಸುಲ್ತಾನ ಎರಡನೇ ಸೆಲೀಮನಿಗೆ ಉಡುಗೊರೆಯಾಗಿ ಹೋದ 759 ಹಾಳೆಗಳ, 258 ಚಿತ್ರಗಳ ಗ್ರಂಥ ಇಪ್ಪತ್ತನೆಯ ಶತಮಾನದವರೆಗೂ ಇಡಿಯಾಗಿತ್ತು, ಬಣ್ಣವೂ ಉಳಿದಿತ್ತು. ಅದನ್ನು ಹಾಳುಮಾಡಿದ್ದು ಚೌಕಟ್ಟಿನ ಆಸೆ. 1959ರಲ್ಲಿ ಕೊಂಡ ಅಮೆರಿಕದ ಸಂಗ್ರಾಹಕ ಆರ್ಥರ್ ಹೌಟನ್ ಅದನ್ನು ಬಿಚ್ಚಿಸಿದರು. 78 ಚಿತ್ರಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಹೋದವು, 1976ರಿಂದ ಹಾಳೆಗಳು ಹರಾಜಿಗೆ ಬಂದವು. ಉಳಿದ 118 ಚಿತ್ರಗಳು ಪಠ್ಯದ ಹಾಳೆಗಳ ಜೊತೆ ಇರಾನಿಗೆ ಮರಳಿದ್ದು 1994ರಲ್ಲಿ, ಅದೂ ಆಧುನಿಕ ಚಿತ್ರಕಾರ ಡಿ ಕೂನಿಂಗನ ಒಂದು ವರ್ಣಚಿತ್ರವನ್ನು ಬದಲಿಗೆ ಕೊಟ್ಟು. ಚಿತ್ರಕಾರ ಸುಲ್ತಾನ್ ಮುಹಮ್ಮದ್ ಬರೆದ, ಕಾವ್ಯದ ಮೊದಲ ರಾಜ ಗಯುಮರ್ಸನ ಆಸ್ಥಾನದ ಚಿತ್ರ ಈಗ ಟೊರಾಂಟೊದ ಆಗಾ ಖಾನ್ ಮ್ಯೂಸಿಯಮ್ಮಿನಲ್ಲಿದೆ. ಅದರ ಹಿಂದುಮುಂದಿನ ಹಾಳೆಗಳು ಅದರ ಮಗ್ಗುಲಲ್ಲಿಲ್ಲ.

ಲಿಪಿಕಾರ ಪುಟದ ನಾಲ್ಕು ಅಂಕಣಗಳಲ್ಲಿ ನಸ್ತಲೀಕ್ ಎಂಬ ಪರ್ಷಿಯನ್ ಬರವಣಿಗೆಯ ಶೈಲಿಯಲ್ಲಿ ಬರೆಯುತ್ತ ಚಿತ್ರಕ್ಕೆ ಜಾಗ ಬಿಡುತ್ತಾನೆ. ಯಾವ ದ್ವಿಪದಿ ಚಿತ್ರದ ಅಂಚಿಗೆ ಬಂದು ನಿಲ್ಲಬೇಕೆಂದು ಲೆಕ್ಕ ಹಾಕಿ, ಜಾಗ ಸರಿಹೋಗದಿದ್ದರೆ ಸಾಲುಗಳನ್ನು ಓರೆಯಾಗಿ ಬರೆದು ಎಳೆಯುತ್ತಾನೆ. ಓದುಗ ಬಲದಿಂದ ಎಡಕ್ಕೆ ಓದುತ್ತ ಆ ಸಾಲು ಮುಗಿಸಿ ಚಿತ್ರಕ್ಕೆ ಬರುತ್ತಾನೆ. ಗೋಡೆಯ ಮೇಲೆ ಆ ನಡಿಗೆಯೇ ಇಲ್ಲ. ಪುಟಗಳ ಕ್ರಮ ತಪ್ಪದಿರಲೆಂದು ಎಷ್ಟೋ ಪ್ರತಿಗಳಲ್ಲಿ ಕೆಳಮೂಲೆಯಲ್ಲಿ ಮುಂದಿನ ಪುಟದ ಮೊದಲ ಪದ ಬರೆದಿರುತ್ತಾರೆ. ಅದು ಹಾಳೆಯ ಹಿಂಬದಿಯಲ್ಲಿದ್ದರೆ ಗೋಡೆಗೆ ಮುಖಮಾಡುತ್ತದೆ, ಮುಂದಿದ್ದರೆ ಎಷ್ಟೋ ಸಲ ರಟ್ಟಿನಡಿ ಮುಚ್ಚಿಹೋಗುತ್ತದೆ.

ಇನ್ನೊಂದು ಅಪಾಯ ತಾಮ್ರದ ಹಸಿರಿನದು. ಪಠ್ಯದ ಸುತ್ತ ಎಳೆದ ಗೆರೆಗಳಲ್ಲಿ ಈ ಬಣ್ಣವಿದ್ದರೆ ಕಾಗದವನ್ನು ಸುಟ್ಟು ಕಂದಾಗಿಸಿ, ಗೆರೆಗುಂಟ ಸೀಳುತ್ತದೆ. ಒಳಗಿನ ಭಾಗ ಅಂಚಿನಿಂದ ಕಳಚುತ್ತದೆ. ಅಂಥ ಹಾಳೆಯನ್ನು ನೆಟ್ಟಗೆ ತೂಗಿದರೆ ಭಾರವೆಲ್ಲ ಮೇಲಿನ ಎರಡು ಪಟ್ಟಿಗಳ ಮೇಲೆ ಬೀಳುತ್ತದೆ.

ಹಾಳೆಯನ್ನು ತೋರಿಸಲೇಬೇಕಾದರೆ ಓರೆಮೇಜಿನಲ್ಲಿ ಮಲಗಿಸಿ, ಪಕ್ಕದಲ್ಲಿ ಹಿಂಬದಿಯ ಹಾಗೂ ಹಿಂದುಮುಂದಿನ ಹಾಳೆಗಳ ನಕಲು, ಪದ್ಯದ ಅನುವಾದ ಇಡಿ. ಅಷ್ಟಕ್ಕೆ ಸಿದ್ಧವಿಲ್ಲದ ಮ್ಯೂಸಿಯಮ್ಮು ಹಾಳೆಯನ್ನು ಪೆಟ್ಟಿಗೆಯಿಂದ ಹೊರತೆಗೆಯುವುದೇ ಬೇಡ.