ಡಿಮ್ ಮಾಡೋ ತಮ್ಮಾ

ನಿನ್ನೆ ರಾತ್ರಿ ವಿಜಯಪುರದಾಗ ಮದುವಿ ಊಟ ಮುಗಿಸ್ಕೊಂಡು ಬಾಗಲಕೋಟಿ ನವನಗರಕ್ಕ ವಾಪಸ್ ಬರಾಕತ್ತಿದ್ದೆ. ಕೊಲ್ಹಾರ ದಾಟಿ ಕೃಷ್ಣಾ ಬ್ರಿಜ್ ಹತ್ತಿದೆ. ಎದುರಿಗೆ ಒಂದು ಕಾರು. ಕಾರು ಅನ್ನೋದು ಆಮ್ಯಾಲ ಗೊತ್ತಾತು, ಆಗ ಕಂಡಿದ್ದು ಎಲ್‌ಇಡಿ ಲೈಟಿನ ಎರಡು ನೀಲಿ-ಬಿಳೇ ಗುಂಡು ಅಷ್ಟ. ವೆಲ್ಡಿಂಗ್ ಅಂಗಡ್ಯಾಗ ಬರಿಗಣ್ಣಿಲೆ ಕಿಡಿ ನೋಡಿದಂಗ. ಡಿಪ್ಪರ್ ಹೊಡದೆ. ಮತ್ತೊಮ್ಮೆ ಹೊಡದೆ. ಮೂರನೇ ಸಲ ಹೊಡದಾಗ ಅಂವ ಏನ್ ಮಾಡಿದ ಗೊತ್ತೇನ್ರಿ? ತನ್ನ ಹೈ ಬೀಮ್ ಹಾಕಿ, ತಗದು, ತೋರಿಸಿದ. ಅಂದ್ರ, ‘ಲೇ, ಡಿಮ್‌ನ್ಯಾಗ ಐತಿ, ನೋಡ್ಕೊ’ ಅಂತ.

ಡಿಮ್ಮಂತ ಅದು! ಡಿಮ್ಮೇ ಹಿಂಗಿದ್ರ ಹೈ ಬೀಮ್‌ನ್ಯಾಗ ಶೇಂಗಾ ಹುರೀಬೋದು. ಬ್ರಿಜ್ ಮ್ಯಾಲ ಬಾಜೂಕ ಸರಿಯಾಕ ಜಾಗಾನರ ಎಲ್ಲೈತಿ? ಎಡಕ್ಕ ಕಟ್ಟಿ, ಕಟ್ಟಿ ಆಚೆ ಹಿನ್ನೀರು. ಬ್ರೇಕ್ ಮ್ಯಾಲ ಕಾಲಿಟ್ಟು ಅಂದಾಜಿನ್ಯಾಗ ಗಾಡಿ ಹಿಡಕೊಂಡೆ. ಅಂವ ಸುಂಯ್ ಅಂತ ದಾಟಿ ಹೋದ ಮ್ಯಾಲ ಸುರು ಆತು ನೋಡ್ರಿ ಖರೇ ಕತ್ತಲಿ. ಬೆಳಕು ಬಡದಾಗ ಕಣ್ಣಿನ ಪಾಪೆ ಥಟ್ಟನೆ ಸಣ್ಣದಾಗ್ತೈತಿ, ತಿರುಗಿ ಅರಳಾಕ ಮಾತ್ರ ತನ್ನ ಟೈಮ್ ತಗೋತೈತಿ. ಗಾಡಿ 80ರ ಸ್ಪೀಡಿನ್ಯಾಗಿದ್ರ ಒಂದು ಸೆಕೆಂಡಿಗೆ 22 ಮೀಟರ್ ಓಡ್ತೈತಿ. ಎರಡೇ ಸೆಕೆಂಡ್ ಕುರುಡಾದ್ರೂ 44 ಮೀಟರ್ ಹನುಮಪ್ಪನ ಮ್ಯಾಲ ಭಾರ.

‘ಸರ್, ನಿಮ್ಮ ಕಣ್ಣು ತೋರಿಸ್ರಿ, ವಯಸ್ಸಾತು’ ಅಂತ ಕಾಮೆಂಟ್ ಬರ್ತಾವ, ಗೊತ್ತೈತಿ. ತೋರಿಸೇನಿ. ಪೊರಿ ಇಲ್ಲ. ಚಷ್ಮಾ ನಂಬರೂ ಬದಲಾಗಿಲ್ಲ. ಮುಂದ ಓದ್ರಿ.

ಎಲ್‌ಇಡಿ ಅಂದ್ರ ನನಗೇನು ವೈರ ಇಲ್ಲ. ಕಡಿಮಿ ಕರೆಂಟ್ ತಿಂತೈತಿ, ದೂರ ಕಾಣ್ತೈತಿ, ರಸ್ತಾ ಬಾಜೂಕ ಕೂತ ಕುರಿ ಹಿಂಡು ಮೊದಲ ಕಾಣ್ತೈತಿ, ತಗ್ಗಿನ ಆಳ ತಿಳೀತೈತಿ. ಎಲ್ಲಾ ಖರೆ. ನನ್ನ ತಕರಾರು ಹ್ಯಾಲೊಜೆನ್, ಅಂದ್ರ ಹಳೇ ತಂತಿ ಬಲ್ಬಿನ, ಮನ್ಯಾಗ ಎಲ್‌ಇಡಿ ಬಾಡಿಗಿ ಇಡೋದ್ರ ಮ್ಯಾಲ. ನಮ್ಮ ಹಳೇ ಕಾರುಗಳ ಎಚ್4 ಬಲ್ಬ್ ಐತಲ್ಲ, 60/55 ವ್ಯಾಟಿಂದು, ಅದರಾಗ ಎರಡು ತಂತಿ. ಡಿಮ್ಮಿನ ತಂತಿ ಕೆಳಗ ಒಂದು ಸಣ್ಣ ತಗಡಿನ ಬಟ್ಟಲ ಇರ್ತೈತಿ. ಆ ಬಟ್ಟಲ ಅಡ್ಡ ಇರೋದಕ್ಕ ಬೆಳಕು ಲೈಟಿನೊಳಗಿನ ಕನ್ನಡಿಯ ಮ್ಯಾಲಿನ ಅರ್ಧಕ್ಕಷ್ಟ ಬಡದು ಕೆಳಗ, ರಸ್ತಾಕ್ಕ ಬೀಳ್ತೈತಿ. ತಂತಿ ಎಲ್ಲೈತಿ ಅನ್ನೋದನ್ನ ಮಿಲಿಮೀಟರ್ ಲೆಕ್ಕದಾಗ ಅಳದು ಆ ಕನ್ನಡಿ ಮಾಡಿರ್ತಾರ. ಆ ಬಲ್ಬ್ ಕಿತ್ತು, ಬೆನ್ನಿಗೆ ಫ್ಯಾನ್ ಕಟ್ಟಿದ ಎಲ್‌ಇಡಿ ತುರುಕಿದ್ರ ಬೆಳಕು ಹುಟ್ಟೋ ಜಾಗಾನ ಬ್ಯಾರೆ ಆಗ್ತೈತಿ. ಕನ್ನಡಿಗೇನು ಗೊತ್ತು ಪಾಪ, ಬಂದದ್ದನ್ನ ಕಂಡಕಂಡಲ್ಲಿ ಚೆಲ್ತೈತಿ. ಬೇವಿನ ಟೊಂಗಿಗೆ, ಧಾಬಾದ ಬೋರ್ಡಿಗೆ, ನನ್ನ ಮಾರಿಗೆ. ಅದಕ್ಕ ಬ್ರಿಜ್ ಮ್ಯಾಲಿನ ಆ ಮಹಾನುಭಾವ ಡಿಮ್ ಮಾಡಿದ್ರೂ ಡಿಮ್ ಆಗಿರಲಿಲ್ಲ. ಅಂವ ಸುಳ್ಳು ಹೇಳಿಲ್ಲ, ಅದ ಇನ್ನೂ ಸಿಟ್ಟು ತರಿಸೋದು.

ಈಗ ಹೇಳ್ತೀರಿ: ‘ಕಬ್ಬಿನ ಸೀಜನ್ನಿನ್ಯಾಗ ಬೀಳಗಿ ಕ್ರಾಸ್ ಕಡೆ ಬಂದು ನೋಡ್ರಿ, ಎರಡು ಟ್ರೇಲರ್ ಜಗ್ಗೋ ಟ್ರ್ಯಾಕ್ಟರಿಗೆ ಹಿಂದ ಒಂದು ದೀಪ ಇರಂಗಿಲ್ಲ, ಲೈಟ್ ಚಲೋ ಇರಲಿಲ್ಲಂದ್ರ ಹೋಗಿ ಕಬ್ಬಿನ್ಯಾಗ ಹೊಕ್ಕಂಗ.’ ಒಪ್ಪಿದೆ. ಆ ಟ್ರ್ಯಾಕ್ಟರಿಗೆ ಸೌಂಡ್ ಬಾಕ್ಸಿಗೆ ರೊಕ್ಕ ಇರ್ತಾವ, ಹಿಂದ ಒಂದು ಗೇಣು ರೇಡಿಯಂ ಪಟ್ಟಿಗೆ ಇರಂಗಿಲ್ಲ. ಅದಕ್ಕ ಬ್ಯಾರೆ ಪೋಸ್ಟ್ ಬರೀತೀನಿ. ಆದ್ರ ಒಂದು ಹೇಳ್ರಿ, ಆ ಟ್ರ್ಯಾಕ್ಟರ್ ನನಗ ಕಾಣಲಾರದಂಗ ಮಾಡೋದು ಯಾರು? ಎದುರಿಗೆ ಬರೋ ನೀವ. ನಿಮಗ ನೂರು ಮೀಟರ್ ದೂರ ಕಾಣ್ತೈತಿ, ನನಗ ನನ್ನ ಬಾನೆಟ್ಟೂ ಕಾಣಂಗಿಲ್ಲ. ನಾ ಹೋಗಿ ಟ್ರೇಲರ್‌ಗೆ ಗುದ್ದಿದ್ರ ನೀವು ಕನ್ನಡ್ಯಾಗ ನೋಡ್ಕೋತ ಹೋಗ್ತೀರಿ, ಅಷ್ಟ.

ಇಷ್ಟು ಬೈಯಾಕ ನನಗ ಹಕ್ಕೈತೇನು? ಇಲ್ಲ. ಅದನ್ನೂ ಹೇಳಿಬಿಡ್ತೀನಿ.

ಎರಡು ವರ್ಷದ ಹಿಂದ ನಾನೂ ಹಾಕಿಸಿದ್ದೆ. 2,800 ರೂಪಾಯಿ ಜೋಡಿ. ಅಂಗಡಿ ಹುಡುಗ ಗ್ವಾಡಿ ಮ್ಯಾಲ ಬೆಳಕು ಬಿಟ್ಟು ‘ಹಗಲ್ರೀ ಸರ್, ಹಗಲು’ ಅಂದ. ಹಗಲ ಇತ್ತು. ಒಂದು ತಿಂಗಳು ಮೀಸಿ ತಿರುವಿಕೊಂಡು ಅಡ್ಡಾಡಿದೆ. ಮೊದಲ ಮಳಿಗೆ ಹಗಲು ಮುಗೀತು: ತೊಯ್ದ ಕರೇ ಡಾಂಬರಿನ ಮ್ಯಾಲ ಆ ಬಿಳೇ ಬೆಳಕು ಎಲ್ಲಿ ಬಿದ್ದೈತಿ ಅನ್ನೋದ ತಿಳೀತಿರಲಿಲ್ಲ. ಆದ್ರೂ ತಗಸಲಿಲ್ಲ, ರೊಕ್ಕ ಕೊಟ್ಟೀನಲ್ಲ.

ಒಂದಿನ ರಾತ್ರಿ ಊರಿಗೆ ಹೋಗಾಕತ್ತಿದ್ದೆ. ಹಳ್ಳದ ತಿರುವಿನ್ಯಾಗ ಎದುರಿಗೆ ಒಂದು ಬೈಕು ಬಂತು, ಹೊಯ್ದಾಡಿ ರಸ್ತಾ ಬಿಟ್ಟು ಜಾಲಿ ಕಂಟಿ ಕಡೆ ಇಳೀತು. ನಿಂತು ನೋಡಿದ್ನೇನು? ಇಲ್ಲ. ಕುಡದಿರಬೇಕು ಅಂದ್ಕೊಂಡು ಹ್ವಾದೆ. ಮನಿ ಮುಟ್ಟಿ, ಕೈಕಾಲು ತೊಳಕೊಂಡು, ರೊಟ್ಟಿ ಮುರೀತಿದ್ದೆ, ನನ್ನ ಖಾಸ್ ತಮ್ಮ ಮೊಣಕೈ ಕೆತ್ತಿಸ್ಕೊಂಡು ಬಂದ. ‘ಯಾವನೋ ಸೂಳೆಮಗ ಎಲ್‌ಇಡಿ ಹಾಕ್ಕೊಂಡು ಬಂದಿದ್ದ, ಕಣ್ಣ ಕಾಣಲಿಲ್ಲ.’ ಅವ್ವ ಆ ಯಾವನೋ ಮಗನ ಮನೆತನಕ್ಕೆಲ್ಲಾ ಶಾಪ ಹಾಕಿ ಅರಿಷಿಣ ಹಚ್ಚಿದಳು. ತನ್ನ ಮನೆತನಕ್ಕ ಹಾಕ್ಕೊಳ್ಳಾಕತ್ತೀನಿ ಅಂತ ಅಕಿಗೆ ಗೊತ್ತಿಲ್ಲ. ನಾ ತಲಿ ಬಗ್ಗಿಸಿ ಝುಣಕದ ವಡಿ ತಿಂದೆ. ಇವತ್ತಿಗೂ ಹೇಳಿಲ್ಲ. (ತಮ್ಮ ಫೇಸ್‌ಬುಕ್‌ನ್ಯಾಗಿಲ್ಲ. ಇರೋವ್ರು ಬಾಯಿ ಮುಚ್ಕೊಂಡಿರ್ರಿ.)

ಮರುದಿನಾನ ತಗಿಸಿ, ಹಳೇ ಬಲ್ಬ್ ಹಾಕಿಸಿದೆ. ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಮೀಟರ್ ಹಿಡದು ತೋರಿಸಿದ: ಬ್ಯಾಟರಿ ಹತ್ತಿರ 13 ವೋಲ್ಟ್ ಮ್ಯಾಲ ಇದ್ದದ್ದು, ಸಣ್ಣ ವೈರಿನ್ಯಾಗ ಸುತ್ತಿ ಸುತ್ತಿ ಬಲ್ಬ್ ಮುಟ್ಟೋದ್ರಾಗ 11ಕ್ಕ ಇಳದಿತ್ತು. ಒಂದು ರಿಲೇ, ಅಂದ್ರ ಕರೆಂಟಿನಿಂದ ನಡಿಯೋ ಸ್ವಿಚ್ಚು, ಹಾಕಿ, ದಪ್ಪ ವೈರಿಲೆ ಬ್ಯಾಟರಿಯಿಂದ ಸೀದಾ ಕೊಟ್ಟ. ಹಳದಿ ಆಗಿದ್ದ ಲೈಟಿನ ಗ್ಲಾಸು ಉಜ್ಜಿ ಪಾಲಿಶ್ ಮಾಡಿದ. ಸ್ಟೇರಿಂಗ್ ಬಾಜೂಕ 0, 1, 2, 3 ಅಂತ ಒಂದು ಗಾಲಿ ಇರ್ತೈತಲ್ಲ, ‘ಇದು ಎಸಿದಲ್ರೀ, ಹಿಂದ ಮಂದಿ, ಚೀಲ ತುಂಬಿದಾಗ ಲೈಟ್ ಕೆಳಗಿಳಸಾಕ’ ಅಂತ ಕಲಿಸಿದ. ಹನ್ನೊಂದು ವರ್ಷ ಆ ಗಾಲಿ ಜೊತಿಗೇ ಸಂಸಾರ ಮಾಡೇನಿ, ಯಾಕಿಟ್ಟಾರಂತ ಕೇಳಿರಲಿಲ್ಲ. ಎಲ್ಲಾ ಸೇರಿ ಎಲ್‌ಇಡಿ ಜೋಡಿಯ ಅರ್ಧಾ ರೊಕ್ಕನೂ ಹತ್ತಲಿಲ್ಲ. ಹಗಲು ಆಗಲಿಲ್ಲ, ರಸ್ತಾ ಕಾಣ್ತೈತಿ.

ಕಂಪನಿಯಿಂದಾನ ಎಲ್‌ಇಡಿ ಬಂದ ದೊಡ್ಡ ಗಾಡಿಯವ್ರು ನಗಬ್ಯಾಡ್ರಿ. ನಿಮ್ಮ ಬೆಳಕಿಗೆ ಗೆರಿ ಕೊರದಂಗ ಮ್ಯಾಲ ಕಟ್ ಇರ್ತೈತಿ, ಹೌದು. ಆದ್ರ ನಿಮ್ಮ ಲೈಟ್ ಇರೋ ಎತ್ತರಕ್ಕ ನನ್ನ ಸಣ್ಣ ಕಾರಿನ ಕನ್ನಡಿ ಐತಿ. ಹಿಂದ ಬಂದು ಅಂಟ್ಕೊಂಡು ನಿಂತ್ರಂದ್ರ ನನ್ನ ಕಾರಿನ್ಯಾಗ ಕೂತು ಪಂಚಾಂಗ ಓದಬೋದು.

2024ರ ಜುಲೈನ್ಯಾಗ ರಾಜ್ಯದ ತುಂಬ ಪೊಲೀಸ್ರು ಇಂಥಾ ಲೈಟಿನವ್ರ ಮ್ಯಾಲ ಕೇಸ್ ಹಾಕಾಕ ಸುರು ಮಾಡಿದಾಗ ಭಾಳ ಖುಷಿಪಟ್ಟಿದ್ದೆ. ಮೊದಲ ಸಲಕ್ಕ 500 ರೂಪಾಯಿ ದಂಡ. ಜೋಡಿಗೆ 2,800 ಕೊಟ್ಟಾಂವ 500ಕ್ಕ ಅಂಜ್ತಾನೇನು? ನಾನಂತೂ ಅಂಜ್ತಿರಲಿಲ್ಲ.

ಕಿತ್ತ ಎಲ್‌ಇಡಿ ಜೋಡಿ ಇನ್ನೂ ಊರ ಮನ್ಯಾಗ, ಟ್ರಂಕಿನ್ಯಾಗ ಬಿದ್ದಾವ. ಮಾರಾಕ ಮನಸ್ಸಾಗ್ಲಿಲ್ಲ, ಒಗಿಯಾಕ ಕೈ ಬರಲಿಲ್ಲ. ಇವತ್ತ ಮುಂಜಾನೆ ತಮ್ಮ ಫೋನ್ ಮಾಡಿದ್ದ. ‘ಅಣ್ಣಾ, ಟ್ರಂಕಿನ್ಯಾಗ ಎಲ್‌ಇಡಿ ಸುಮ್ನ ಬಿದ್ದಾವಲ್ಲ, ಒಂದು ನನ್ನ ಬುಲೆಟ್‌ಗೆ ಹಾಕ್ಸಲ್ಯಾ? ರಾತ್ರಿ ಎದುರಿನವ್ರ ಲೈಟಿಗೆ ಏನೂ ಕಾಣವಲ್ದು.’