ಮೆಕ್ಸಿಕೋದ ಗಿಡಕ್ಕೆ ಅಕ್ಕಚ್ಚು

ಇವತ್ತು ಬೆಳಿಗ್ಗೆ ನನ್ನ ಎಚೆವೇರಿಯಾ ಹೋಯಿತು, ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡ. ಎಲೆಯನ್ನು ಸುಮ್ನೆ ಮುಟ್ಟಿದ್ದಷ್ಟೆ, ಕೈಗೇ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಎಲ್ಲ ಹಳದಿ ತಿರುಗಿ, ಒಳಗೆ ನೀರು ತುಂಬಿ ಲೊಳಲೊಳ. ಬುಡ ಕಪ್ಪಗೆ ಕೊಳೆತಿತ್ತು. ಮಣ್ಣು ಮೂಸಿದರೆ ಹುಳಿ ವಾಸನೆ. ಕೊಲೆಗಾರರನ್ನು ಹುಡುಕಲು ಪೊಲೀಸ್ ನಾಯಿ ಬೇಕಾಗಿರಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಕುಕ್ಕರಿಗೆ ಅಕ್ಕಿ ತೊಳೆಯುತ್ತಿದ್ದರು.

ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ವಾಷಿಂಗ್ ಮಷೀನು, ಬಟ್ಟೆ ಸ್ಟ್ಯಾಂಡು, ಖಾಲಿ ಸಿಲಿಂಡರು ನಿಂತ ಮೇಲೆ ಒಬ್ಬರು ಅಡ್ಡಕ್ಕೆ ತಿರುಗಿ ನಿಲ್ಲಬಹುದು. ಎದುರಿನ ಕಟ್ಟಡ ಎದ್ದಮೇಲೆ ಬಿಸಿಲು ಒಂಬತ್ತೂವರೆಗೆ ಬಂದು ಹತ್ತೂವರೆಗೆ ಹೋಗಿಬಿಡುತ್ತದೆ. ‘ಇಂಥ ಮನೆಗೆ ಸಕ್ಯುಲೆಂಟೇ ಸರಿ, ನೋಡ್ಕೊಳ್ಳೋದೇ ಬೇಡ’ ಅಂತ ಎಲ್ಲರೂ ಹೇಳುತ್ತಾರೆ. ಎಚೆವೇರಿಯಾಕ್ಕೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಸಿಗದಿದ್ದರೆ ಮದುವೆಮನೆಯ ಹಿಂದಿನ ಸಾಲಿನಲ್ಲಿ ಕೂತವರು ತಾಳಿ ಕಟ್ಟುವುದನ್ನು ನೋಡಲು ಕತ್ತು ಉದ್ದ ಮಾಡುತ್ತಾರಲ್ಲ, ಹಾಗೆ ಬೆಳೆಯುತ್ತದೆ. ಬಿಸಿಲು ಕಡಿಮೆಯಿರುವ ಮನೆಗೆ ಹಾವೋರ್ಥಿಯಾ ಅಥವಾ ಸ್ನೇಕ್ ಪ್ಲಾಂಟ್ ತನ್ನಿ. ಅವು ಚೆಂದ ಸ್ವಲ್ಪ ಕಡಿಮೆ, ಆದರೆ ಬದುಕುತ್ತವೆ.

ನರ್ಸರಿಯವರ ವಿಷಯ ಎತ್ತಿದರೆ ಬಿ.ಪಿ. ಏರುತ್ತದೆ. ಒಂದು ಕಡೆ ಹೂಬಿಟ್ಟ ಕ್ಯಾಕ್ಟಸ್ ಅಂತ ಕೊಟ್ಟರು. ತಿಂಗಳಾದರೂ ಹೂ ಬಾಡಲಿಲ್ಲ. ಎಳೆದು ನೋಡಿದರೆ ಒಣಹೂವಿಗೆ ಗಮ್ ಹಾಕಿ ಅಂಟಿಸಿದ್ದರು! ಚೀನೀ ಪಿಂಗಾಣಿಯ ಪಾಟು ನೋಡಲು ಮುದ್ದಾಗಿದೆ, ತಳದಲ್ಲಿ ತೂತೇ ಇಲ್ಲ. ಒಳಗೆ ತೆಂಗಿನ ನಾರಿನ ಪುಡಿ, ಒಮ್ಮೆ ನೆನೆದರೆ ವಾರಗಟ್ಟಲೆ ಆರುವುದಿಲ್ಲ. ತಂದ ತಕ್ಷಣ ಅದನ್ನು ಉದುರಿಸಿ, ಮಣ್ಣಿಗೆ ಅರ್ಧಕ್ಕರ್ಧ ದಪ್ಪ ಮರಳು ಬೆರೆಸಿ, ತೂತಿರುವ ಮಣ್ಣಿನ ಕುಂಡದಲ್ಲಿ ನೆಡಬೇಕು. ನೀರು ಹಾಕುವ ಮುಂಚೆ ಉರಿದುಳಿದ ಊದುಬತ್ತಿ ಕಡ್ಡಿಯನ್ನು ಬುಡದವರೆಗೆ ಚುಚ್ಚಿ ನೋಡಿ. ಕಡ್ಡಿಗೆ ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ.

ಇಷ್ಟೆಲ್ಲ ನಾನು ಮಾಡಿದ್ದೆ. ಆದರೆ ತೀರ್ಥಹಳ್ಳಿ ಕಡೆಯ ಅತ್ತೆ ನಮ್ಮನೆಗೆ ಬಂದರಲ್ಲ.

ಮೊದಲ ದಿನವೇ, “ಎಂತ ಮಾರಾಯ್ತಿ, ಬೇಲಿಗೆ ಹಾಕೋ ಕಳ್ಳಿಗೆ 250 ರೂಪಾಯಿ ಕೊಟ್ಟಿದ್ಯಾ?” ಅಂದರು. ಕೆಂಪು ಉಂಡೆ ಹೊತ್ತ ಮೂನ್ ಕ್ಯಾಕ್ಟಸನ್ನು ತೋರಿಸಿದೆ. ಮೇಲಿನ ಉಂಡೆಯಲ್ಲಿ ಹಸಿರೇ ಇಲ್ಲ, ಆಹಾರ ಮಾಡಿಕೊಳ್ಳಲು ಬರುವುದಿಲ್ಲ, ಕಸಿ ಕಟ್ಟಿದ ಕೆಳಗಿನ ಕಾಂಡವೇ ಅದನ್ನೂ ಸಾಕುತ್ತದೆ ಅಂತ ವಿವರಿಸಿದೆ. ಅವರು ಸೋಫಾದಲ್ಲಿ ಮೊಬೈಲ್ ಒತ್ತುತ್ತಿದ್ದ ಮಗನ ಕಡೆ ಒಂದ್ಸಲ ನೋಡಿ ಸುಮ್ಮನಾದರು.

ಮಾರನೇ ಬೆಳಿಗ್ಗೆಯಿಂದ ಶುರುವಾಯಿತು. ಸ್ನಾನ, ದೇವರ ದೀಪ, ಆಮೇಲೆ ಚೊಂಬು ಹಿಡಿದು ಬಾಲ್ಕನಿಗೆ. “ಅತ್ತೆ, ಇವಕ್ಕೆ ದಿನಾ ನೀರು ಬೇಡ. ಇವು ಮೆಕ್ಸಿಕೋದವು.” “ಅಲ್ಲಿಯವಕ್ಕೆ ಬಾಯಾರಿಕೆ ಆಗಲ್ವಾ?” ವಿಜ್ಞಾನ ಹೇಳಿದರೆ ಒಪ್ಪಬಹುದು ಅಂದುಕೊಂಡೆ. ನೀರು ಉಳಿಸಲು ಇವು ಎಲೆಯ ರಂಧ್ರಗಳನ್ನು ಹಗಲು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ ಅಂದೆ. ಅತ್ತೆ ಗಮನವಿಟ್ಟು ಕೇಳಿದರು. “ಓಹೋ, ರಾತ್ರಿ ಎಚ್ಚರ ಇರ್ತಾವಾ? ಹಾಗಾರೆ ರಾತ್ರಿ ಹಾಕ್ತೀನಿ ಬಿಡು.”

ಕೊನೆಗೆ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ನೀರು ಹಾಕಬೇಡಿ’ ಅಂತ ಬರೆದು ಕುಂಡಗಳ ಮಧ್ಯೆ ನಿಲ್ಲಿಸಿದೆ. ಕೆಲಸ ಮಾಡಿತು. ಚೊಂಬು ಬರುವುದು ನಿಂತಿತು. ಆಫೀಸಿನಲ್ಲಿ ಹೇಳಿಕೊಂಡು ನಕ್ಕಿದ್ದೂ ಆಯಿತು. ಇವತ್ತು ಸತ್ತ ಗಿಡವನ್ನು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಾಗ ಅತ್ತೆಗೆ ನಿಜಕ್ಕೂ ಆಶ್ಚರ್ಯ. “ನಾನು ನೀರು ಹಾಕೇ ಇಲ್ಲ! ಅಕ್ಕಚ್ಚು ಹಾಕಿದ್ದು.”

ರಟ್ಟಿನ ಮೇಲೆ ಅಕ್ಕಚ್ಚಿನ ಸುದ್ದಿ ಇರಲಿಲ್ಲ, ನಿಜ. ಉದ್ದಿನಬೇಳೆ ತೊಳೆದ ನೀರಿನದೂ ಇರಲಿಲ್ಲ, ಮಜ್ಜಿಗೆ ಪಾತ್ರೆ ಅಲ್ಲಾಡಿಸಿದ್ದರದೂ ಇರಲಿಲ್ಲ. ಅವೆಲ್ಲ ಸರದಿಯ ಪ್ರಕಾರ ಹೋಗಿದ್ದವಂತೆ. ಮೂನ್ ಕ್ಯಾಕ್ಟಸ್ಸಿಗೆ ಕಾಫಿ ಚರಟ, ‘ಪಾಪ, ಕೆಳಗಿನವನು ದುಡೀತಾನಲ್ಲ’ ಅಂತ.

ಕೋಪ ಬಂದಿತ್ತು, ಈಗಲೂ ಇದೆ. ಆದರೂ ಅವರು ಆ ಪಾತ್ರೆ ಹಿಡಿದು ಸಿಂಕಿನ ಮುಂದೆ ತಡವರಿಸುವುದನ್ನು ನಾನು ನೋಡಿದ್ದೇನೆ. ಊರಿನಲ್ಲಿ ಅಕ್ಕಚ್ಚನ್ನು ಚೆಲ್ಲುವುದು ಅಂತಲೇ ಇರಲಿಲ್ಲ. ಹಿತ್ತಲ ಬಾಗಿಲು ಸದ್ದಾದರೆ ಕೊಟ್ಟಿಗೆಯಿಂದ ಗೌರಿ ಕೂಗುತ್ತಿತ್ತು. ಬಚ್ಚಲ ನೀರು ಬಸಳೆ ಚಪ್ಪರಕ್ಕೆ, ಕೆಸುವಿಗೆ, ಬಾಳೆಗೆ. ಈಗ ಗೌರಿಯೂ ಇಲ್ಲ, ಕೊಟ್ಟಿಗೆಯಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ಇಲ್ಲಿ ಮೂರನೇ ಮಹಡಿಯಲ್ಲಿ ಅತ್ತೆಗೆ ಕಂಡ, ಬಾಯಿರುವಂಥ ವಸ್ತು ಅಂದರೆ ನನ್ನ ಕುಂಡಗಳೇ.

ಹಾಗಂತ ನಾನೇನೂ ಕರಗಿ ನೀರಾಗಿಲ್ಲ. ಯಾಕೆಂದರೆ ಹೊಟ್ಟೆ ಉರಿಸಲು ಇನ್ನೊಂದಿದೆ. ಊರಿಂದ ಬರುವಾಗ ಅತ್ತೆ ಒಂದು ಕಾಡುಬಸಳೆ ಎಲೆ ತಂದಿದ್ದರು. ಅದನ್ನು ಒಡೆದ ಐಸ್‌ಕ್ರೀಮ್ ಡಬ್ಬದಲ್ಲಿ ಮಣ್ಣು ಹಾಕಿ ಸುಮ್ನೆ ಮಲಗಿಸಿದ್ದರು. ಎಲೆಯ ಅಂಚಿಗೆಲ್ಲ ಮರಿಗಳು ಮೂಡಿವೆ. ಅದೂ ಸಕ್ಯುಲೆಂಟೇ, ಎಚೆವೇರಿಯಾದ ಕುಟುಂಬದ್ದೇ, ದಾಯಾದಿ. ಅಕ್ಕಚ್ಚು ಕುಡಿದು ದಿನೇ ದಿನೇ ದಪ್ಪಗಾಗುತ್ತಿದೆ. ಎದುರು ಮನೆಯವರು ಬಂದವರು ನನ್ನ ಹಾವೋರ್ಥಿಯಾ ಕಡೆ ತಿರುಗಿಯೂ ನೋಡದೆ, “ಆಂಟಿ, ಇದು ಯಾವ ನರ್ಸರಿದು?” ಅಂತ ಕೇಳಿ ಎರಡು ಮರಿ ತೆಗೆದುಕೊಂಡು ಹೋದರು.

ಶನಿವಾರ ಹೊಸ ಎಚೆವೇರಿಯಾ ತರಲು ಹೊರಟಿದ್ದೇನೆ. ಅತ್ತೆಯೂ ಬರುತ್ತಾರಂತೆ. ಗಿಡ ಮಾರುವವನು ಹೊತ್ತಿಗೆ ಸರಿಯಾಗಿ ನೀರು ಹಾಕ್ತಾನೋ ಇಲ್ಲವೋ ವಿಚಾರಿಸಬೇಕಂತೆ.